ಓನರ್ ಒಳ್ಳೆಯವರಾ ಅಂದರೆ ಏನು ಹೇಳಲಿ?

ಮೊನ್ನೆ ಅಮ್ಮ ಫೋನಿನಲ್ಲಿ ಕೇಳಿದರು, "ಓನರ್ ಒಳ್ಳೆಯವರಾ?" ಅಂತ. ಬರ್ಲಿನ್‌ಗೆ ಬಂದು ಆರು ವರ್ಷ, ಈ ಮನೆಗೆ ಬಂದು ಮೂರು ವರ್ಷ ಆಯಿತು, ಓನರ್ ಮುಖ ನೋಡಿಲ್ಲ. ನೋಡೋಣ ಅಂದರೆ ಮುಖವೇ ಇಲ್ಲ. ಅದು ಶೇರು ಮಾರ್ಕೆಟ್ಟಿನ ಒಂದು ಕಂಪನಿ. ದುಡ್ಡಿದ್ದರೆ ನಾನೂ ನಮ್ಮ ಓನರ್‌ನಲ್ಲಿ ಹತ್ತು ಶೇರು ಕೊಳ್ಳಬಹುದು, ತಮಾಷೆ ಅಲ್ವಾ.

ಹೋದ ಜನವರಿಯಲ್ಲಿ ಹೀಟಿಂಗ್ ಕೆಟ್ಟಿತು. ಒಂಬತ್ತು ದಿನ. ಆ್ಯಪ್‌ನಲ್ಲಿ ದೂರು ಹಾಕಿದೆ, ಟಿಕೆಟ್ ನಂಬರ್ ಬಂತು, ಮೂರನೇ ದಿನ "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜೂ ಬಂತು. ನಾನದನ್ನು ಎರಡು ಸ್ವೆಟರ್ ಹಾಕಿಕೊಂಡು, ಕಂಬಳಿ ಹೊದ್ದು ಓದಿದೆ. ಫೋನ್ ಮಾಡಿದರೆ ಬರೀ ಮ್ಯೂಸಿಕ್. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿ, "ಮೊದಲು ಇಲ್ಲೇ ಒಬ್ಬ ಹೌಸ್‌ಮೈಸ್ಟರ್, ಅಂದರೆ ಬಿಲ್ಡಿಂಗ್ ನೋಡಿಕೊಳ್ಳುವವ, ಇದ್ದ, ಬಾಗಿಲು ತಟ್ಟಿದರೆ ಸ್ಪ್ಯಾನರ್ ಹಿಡಿದು ಬರ್ತಿದ್ದ" ಅಂದರು. ಮನೆಯಲ್ಲಿ ತೊಂದರೆ ಇದ್ದಷ್ಟು ದಿನ ಬಾಡಿಗೆ ಕಡಿಮೆ ಕೊಡುವ ಹಕ್ಕು ಇಲ್ಲಿನ ಕಾನೂನಿನಲ್ಲಿದೆ ಅಂತ ಹೇಳಿಕೊಟ್ಟವರೂ ಅವರೇ.

2021ರ ಸೆಪ್ಟೆಂಬರ್ 26ರಂದು ಈ ಊರಿನ ಜನ ಒಂದು ಮತ ಹಾಕಿದರು. 3,000ಕ್ಕಿಂತ ಜಾಸ್ತಿ ಮನೆ ಇರುವ ಕಂಪನಿಗಳಿಗೆ ಪರಿಹಾರ ಕೊಟ್ಟು ಅವುಗಳ ಮನೆಗಳನ್ನು ಸಾರ್ವಜನಿಕರ ಕೈಗೆ ತರಬೇಕಾ ಅನ್ನೋದು ಪ್ರಶ್ನೆ. ಸುಮಾರು 2,40,000 ಮನೆಗಳ ಲೆಕ್ಕ. 59% ಜನ ಹೌದು ಅಂದರು. ನಾನು ಜರ್ಮನ್ ಪ್ರಜೆ ಅಲ್ಲ, ಮತ ಇರಲಿಲ್ಲ, ಸುಮ್ನೆ ನೋಡಿದೆ. ಊರಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಹೇಳಿದರೆ "ಅಯ್ಯೋ, ಇನ್ನೊಬ್ಬರ ಆಸ್ತಿ ಕಿತ್ಕೊಳ್ಳೋದಾ, ಕಮ್ಯುನಿಸಂ ಬಂತಾ" ಅಂದರು. ಅವತ್ತು ನನಗೂ ಹಾಗೇ ಅನ್ನಿಸಿತ್ತು.

ಆದರೆ ಆ ಆಸ್ತಿ ಯಾರದಾಗಿತ್ತು ಅಂತಲೂ ನೋಡಬೇಕು. 2004ರಲ್ಲಿ ಸಾಲದಲ್ಲಿ ಮುಳುಗಿದ್ದ ಬರ್ಲಿನ್ ಸರ್ಕಾರ ತನ್ನದೇ ಆದ ಜಿಎಸ್‌ಡಬ್ಲ್ಯು ಅನ್ನುವ ಸಂಸ್ಥೆಯನ್ನು, ಸುಮಾರು 65,000 ಮನೆಗಳ ಸಮೇತ, 40.5 ಕೋಟಿ ಯೂರೋಗೆ ಹೂಡಿಕೆ ಫಂಡುಗಳಿಗೆ ಮಾರಿತು. ಸಂಸ್ಥೆಯ ಸಾಲವೂ ಕೊಂಡವರ ತಲೆಗೇ ಹೋಯಿತು, ನಿಜ. ಆದರೂ ಭಾಗಿಸಿ ನೋಡಿ, ಮನೆಗೆ ಆರು ಸಾವಿರ ಚಿಲ್ಲರೆ ಯೂರೋ. ಮುಂದೆ ಅದು ಡಾಯ್ಚೆ ವೋನೆನ್ ಅನ್ನುವ ದೊಡ್ಡ ಬಾಡಿಗೆ ಮನೆ ಕಂಪನಿಯ ಕೈಗೆ ಹೋಯಿತು, ಡಾಯ್ಚೆ ವೋನೆನ್ ಅಂಥದ್ದೇ ಇನ್ನೊಂದು ಕಂಪನಿ ಫೊನೋವಿಯಾ ಕೈಗೆ ಹೋಯಿತು. ಕೊನೆಗೆ 2021ರಲ್ಲಿ ಬರ್ಲಿನ್ನೇ ಈ ಇಬ್ಬರಿಂದ 14,750ರಷ್ಟು ಮನೆಗಳನ್ನು ವಾಪಸ್ ಕೊಂಡಿತು, 240 ಕೋಟಿ ಯೂರೋಗೂ ಜಾಸ್ತಿ ಕೊಟ್ಟು! ತಾನೇ ಮಾರಿದ ಹಸುವಿನ ಹಾಲನ್ನು ತಾನೇ ದುಡ್ಡು ಕೊಟ್ಟು ಕುಡಿದ ಹಾಗೆ. (ನನ್ನ ಬಿಲ್ಡಿಂಗ್ ಈ ಲಾಟ್‌ನದ್ದಲ್ಲ, ಬೇರೆ ಕಂಪನಿ, ಹೆಸರು ಬೇಡ.)

ಇನ್ನೊಂದು ಕಡೆಯೂ ಹೇಳಬೇಕು. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಓನರ್ ಅಂಕಲ್ ಮೊದಲು ಕೇಳಿದ್ದು ಸಂಬಳ ಅಲ್ಲ, "ನೀವು ಯಾವ ಪೈಕಿ?" ಅಂತ. ಆಮೇಲೆ "ನಾನ್‌ವೆಜ್ ಮಾಡಲ್ಲ ತಾನೇ?" ಹತ್ತು ತಿಂಗಳ ಅಡ್ವಾನ್ಸ್, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಇಲ್ಲಿ ಡೆಪಾಸಿಟ್ ಮೂರು ತಿಂಗಳ ಬಾಡಿಗೆ ಮೀರಬಾರದು ಅಂತ ಕಾನೂನಿದೆ, ನನ್ನ ಒಗ್ಗರಣೆ ವಾಸನೆಯನ್ನು ಕಂಪನಿ ಯಾವತ್ತೂ ಕೇಳಿಲ್ಲ. ಆದರೆ ಅದೇ ಅಂಕಲ್, ನಲ್ಲಿ ಸೋರಿದರೆ ಬೈದುಕೊಂಡಾದರೂ ಸಂಜೆಗೆ ಪ್ಲಂಬರ್ ಕರ್ಕೊಂಡು ಬರ್ತಿದ್ದರು. ಅವರ ಜೊತೆ ಜಗಳ ಆಡಬಹುದಿತ್ತು. ಟಿಕೆಟ್ ನಂಬರ್ ಜೊತೆ ಹೇಗೆ ಜಗಳ ಆಡೋದು?

ಅಷ್ಟೂ ಮನೆ ಸರ್ಕಾರ ಕೊಂಡರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಲ್ಲ. ಅದರಿಂದ ಒಂದು ಹೊಸ ಮನೆಯೂ ಏಳುವುದಿಲ್ಲ, ಸರ್ಕಾರಿ ಕಚೇರಿಯ ಫೋನಿನಲ್ಲೂ ಮ್ಯೂಸಿಕ್ ಇರುತ್ತದೆ. ಆ ಮತ ಕಾನೂನಾಗಿ ಸರ್ಕಾರವನ್ನು ಕಟ್ಟಿಹಾಕುವಂಥದ್ದೂ ಆಗಿರಲಿಲ್ಲ. 2023ರಲ್ಲಿ ತಜ್ಞರ ಸಮಿತಿಯ ಬಹುಮತ ಇದನ್ನು ಕಾನೂನಿನ ಪ್ರಕಾರ ಮಾಡಬಹುದು ಅಂತಲೇ ಹೇಳಿತು, ಆದರೂ ಕಂಪನಿಗಳ ಮನೆ ಕಂಪನಿಗಳ ಹತ್ತಿರವೇ ಉಳಿದವು. ಆದರೆ ಆ 59% ಜನಕ್ಕೆ ತಲೆಕೆಟ್ಟಿತ್ತು ಅಂತ ಈಗ ಯಾರಾದರೂ ಅಂದರೆ ನಾನು ಒಪ್ಪಲ್ಲ. ಅವರಲ್ಲಿ ಎಷ್ಟೋ ಜನ ಕಂಬಳಿ ಹೊದ್ದು ಆ ಮೆಸೇಜ್ ಓದಿದವರೇ ಇರಬೇಕು.

ಈ ವಾರ ಬಿಲ್ಡಿಂಗಿನ ವರ್ಷದ ಖರ್ಚಿನಲ್ಲಿ ನನ್ನ ಪಾಲಿನ ಲೆಕ್ಕ ಕಂಪನಿಯಿಂದ ಬಂದಿದೆ. ಅದರಲ್ಲಿ "ಹೌಸ್‌ಮೈಸ್ಟರ್ ಸೇವೆ" ಅಂತ ಒಂದು ಸಾಲು. ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಬಿಲ್ ತೋರಿಸಿ ಅಂತ ಕೇಳೋಣ, ಆ ಮನುಷ್ಯ ಯಾರು ಅಂತಲಾದರೂ ಗೊತ್ತಾಗಲಿ" ಅಂದರು. ಭಾನುವಾರ ಇಬ್ಬರೂ ಕೂತು ಪತ್ರ ಬರೆಯುತ್ತೇವೆ. ಜರ್ಮನ್ ಅವರದು, ಕಾಫಿ ನನ್ನದು.