ಇಂದಿನ ನೀರಿನ ಮಟ್ಟ

ಮಾನ್ವಿ, ಸಿರವಾರದ ಕಡೆಯ ರೈತರ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಮಳೆಗಾಲದಲ್ಲಿ ದಿನವೂ ಬೆಳಿಗ್ಗೆ ಒಂದು ಸಂದೇಶ ಬರುತ್ತದೆ: ತುಂಗಭದ್ರಾ ಜಲಾಶಯದ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ದೇವರ ಪಟಗಳ, ಹುಟ್ಟುಹಬ್ಬದ ಕೇಕುಗಳ ನಡುವೆ ಅದು ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಕೂತವನ ಹಾಗೆ ಯಾರ ಸಂಭ್ರಮಕ್ಕೂ ತಲೆಯೆತ್ತದೆ ತನ್ನ ಅಂಕಿಗಳನ್ನಷ್ಟೇ ಹೇಳಿ ಮುಗಿಸುತ್ತದೆ. 'ತಕ್ಷಣ ಎಲ್ಲರಿಗೂ ಕಳುಹಿಸಿ' ಎಂಬ ಒತ್ತಾಯ ಅದರಲ್ಲಿಲ್ಲ. ಅದಕ್ಕೇ ಇರಬೇಕು, ಯಾರೂ ಅದನ್ನು ಅಷ್ಟಾಗಿ ಮುಂದಕ್ಕೆ ಕಳುಹಿಸುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುದ್ದಿ ನಿಜ, ಗಾಬರಿಯಾಗಬೇಕಾದದ್ದೂ ನಿಜ. ಆದರೆ ಬೆಳಕು ಹರಿಯುವಷ್ಟರಲ್ಲಿ ನಮ್ಮ ಮೊಬೈಲುಗಳಲ್ಲಿ ಗೇಟಿನ ಬದಲು ಡ್ಯಾಮೇ ಒಡೆದಿತ್ತು. ಒತ್ತಡ ತಗ್ಗಿಸಲೆಂದು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟಿದ್ದರಿಂದ ನದಿ ಏರಿತ್ತಷ್ಟೇ. ಆ ಏರಿದ ನೀರನ್ನೇ ತೋರಿಸಿ 'ನೋಡಿ, ಒಡೆದಿಲ್ಲವೆಂದರೆ ಇಷ್ಟು ನೀರು ಎಲ್ಲಿಂದ ಬಂತು' ಎಂದವರಿಗೆ ಏನು ಹೇಳುವುದು? ಸುಳ್ಳು ಹೀಗೆ ನಿಜದ ಹೆಗಲೇರಿಯೇ ಊರೂರು ತಿರುಗುತ್ತದೆ. ವಾರದೊಳಗೆ ಆ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ ಸುದ್ದಿಗೆ ಅಷ್ಟು ಓಟವಿರಲಿಲ್ಲ.

ಬಹಳ ಸಲ ಕೈದಾಟಿದ ಸಂದೇಶಕ್ಕೆ ವಾಟ್ಸ್‌ಆ್ಯಪ್ ಜೋಡಿ ಬಾಣದ ಗುರುತು ಹಾಕುತ್ತದೆ. 2020ರಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಲು ಬಿಡುತ್ತದೆ. ಎಚ್ಚರಿಕೆಗೆಂದು ಇಟ್ಟ ಆ ಗುರುತನ್ನು ನಮ್ಮಲ್ಲಿ ಕೆಲವರು, ಇಷ್ಟು ಮಂದಿ ಕಳುಹಿಸಿದ್ದಾರೆಂದರೆ ಸುಳ್ಳಿರಲಾರದು ಎಂದು ಓದಿಕೊಳ್ಳುತ್ತಾರೆ. ಕಳುಹಿಸುವವರು ಕೆಟ್ಟವರೇನಲ್ಲ, ಬೀಗರಿಗೆ, ನೆಂಟರಿಗೆ ಮೊದಲು ತಾವೇ ತಿಳಿಸಬೇಕೆಂಬ ಅಕ್ಕರೆ ಅವರಿಗೆ ಸ್ವಲ್ಪ ಹೆಚ್ಚು.

ನನಗೆ ಮೆಚ್ಚುಗೆಯಾಗುವುದು ಬೇರೆಯವರು. ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಭತ್ತ ಹಚ್ಚಿದ ರೈತರೊಬ್ಬರು ಆ ನೀರಸ ಅಂಕಿಗಳನ್ನು ಪೂರ್ತಿ ಓದಿ, "ಅಣ್ಣಾರ, ಮ್ಯಾಲೆ ಇಷ್ಟು ನೀರು ಬಿಟ್ಟಾರಂದ್ರ ನಮ್ಮ ಮೈಲಿನ್ಯಾಗ ಗೇಜ್ ಎಷ್ಟೈತ್ರಿ?" ಎಂದು ಬರೆದರು. ಗ್ರೂಪು ಸುಮ್ಮನಾಯಿತು. ಇನ್ನೊಬ್ಬರು ಬೈಕ್ ಹತ್ತಿ ಕಾಲುವೆಗೆ ಹೋಗಿ, ನೀರಿನ ಎತ್ತರ ತೋರಿಸುವ ಗೇಜಿನ ಫೋಟೊ ತೆಗೆದು, ತಾರೀಖು ಮತ್ತು ಹೊತ್ತು ಬರೆದು ಹಾಕಿದರು. ಮುನಿರಾಬಾದಿನ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಯಾವ ತಾರೀಖಿನವರೆಗೆ ಎಷ್ಟು ನೀರೆಂದು ತೀರ್ಮಾನವಾಗಿತ್ತೋ ಆ ಪತ್ರಿಕಾ ತುಣುಕನ್ನು ಮತ್ತೊಬ್ಬರು ಅದರ ಕೆಳಗೆ ಸೇರಿಸಿದರು. ಮಧ್ಯಾಹ್ನ ನಾಲ್ಕಾರು ಮಂದಿ ಎರಡನ್ನೂ ಹಿಡಿದುಕೊಂಡು ಎಂಜಿನಿಯರರ ಮೇಜಿನ ಮುಂದೆ ನಿಂತಾಗ, 'ಯಾರು ಹೇಳಿದ್ದು ನಿಮಗೆ' ಎಂದು ಕೇಳಲು ಅವರಿಗೆ ದಾರಿಯಿರಲಿಲ್ಲ.