ಮೊದಲು ‘ಅಯ್ಯೋ’, ಆಮೇಲೆ ‘ಅಮ್ಮಾ’

ರಾತ್ರಿ ಎರಡು ಗಂಟೆಗೆ ನೀರು ಕುಡಿಯೋಣ ಅಂತ ಎದ್ದೆ. ದೀಪ ಹಾಕಲಿಲ್ಲ. ಹೆಂಡತಿಯ ನಿದ್ದೆ ಕೆಡಬಾರದು ಎಂಬ ದೊಡ್ಡ ಮನಸ್ಸು. ಇದೇ ಮನೆಯಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ, ಕಣ್ಣು ಮುಚ್ಚಿಕೊಂಡೂ ಹೋಗಿ ಬರಬಲ್ಲೆ ಎಂಬ ಧೈರ್ಯ ಬೇರೆ. ಹೋಗುವಾಗ ಏನೂ ಆಗಲಿಲ್ಲ. ಅವಳಿಗೂ ಇರಲಿ ಅಂತ ಲೋಟದಲ್ಲಿ ನೀರು ಹಿಡಿದು ವಾಪಸ್ ಬರುವಾಗ, ಮಂಚದ ಕಾಲು ನನ್ನ ಕಾಲಿನ ಕಿರುಬೆರಳನ್ನು ಹುಡುಕಿಕೊಂಡು ಬಂತು.

ಇಂಥ ಹೊತ್ತಿನಲ್ಲಿ ಒಂದು ವಿಷಯ ಗಮನಿಸಿದ್ದೀರಾ? ನೋವು ಎರಡು ಸಲ ಬರುತ್ತದೆ. ಮೊದಲು ಏನೋ ತಗುಲಿತು ಅಂತ ಗೊತ್ತಾಗುತ್ತದೆ. ಅದರ ಬೆನ್ನಿಗೇ ಸೂಜಿ ಚುಚ್ಚಿದ ಹಾಗೆ ಚುರುಕ್ ಅನ್ನುತ್ತದೆ. ಅದು ‘ಅಯ್ಯೋ’. ಆಮೇಲೆ ಒಂದು ಕ್ಷಣ ಬಿಡುವು. ಪರವಾಗಿಲ್ಲ, ಜಾಸ್ತಿ ಏನೂ ಆಗಿಲ್ಲ ಅಂದುಕೊಳ್ಳುತ್ತೀರಿ. ಆಗ ಬರುತ್ತದೆ ನೋಡಿ ಅಸಲಿ ನೋವು. ಹಲ್ಲು ಕಚ್ಚಿಸಿ, ಕಣ್ಣಲ್ಲಿ ನೀರು ತರಿಸಿ, ಎದ್ದು ಹೋಗುವ ಮನಸ್ಸೇ ಇಲ್ಲದ ನೆಂಟನ ಹಾಗೆ ಕೂತುಬಿಡುವ ನೋವು. ಅದು ‘ಅಮ್ಮಾ’.

ಒಂದೇ ಏಟಿಗೆ ಎರಡು ಕೂಗು ಯಾಕೆ ಅಂದರೆ, ಸುದ್ದಿ ಒಯ್ಯುವ ನರದ ಎಳೆಗಳು ಬೇರೆ ಬೇರೆ. ಸ್ಪರ್ಶದ ಎಳೆಗಳು ದಪ್ಪ. ಮೇಲೆ ಕೊಬ್ಬಿನ ಹೊದಿಕೆ ಬೇರೆ ಇರುತ್ತದೆ. ಅವು ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತವೆ. ಚುರುಕ್ ಅನ್ನಿಸುವ ಎಳೆಗಳದ್ದು ಅದಕ್ಕಿಂತ ಕಡಿಮೆ, 5ರಿಂದ 30 ಮೀಟರ್. ಅಸಲಿ ನೋವನ್ನು ತರುವ ಎಳೆಗೆ ಹೊದಿಕೆಯೂ ಇಲ್ಲ, ದಪ್ಪವೂ ಇಲ್ಲ, ಅವಸರವಂತೂ ಮೊದಲೇ ಇಲ್ಲ. ಸೆಕೆಂಡಿಗೆ ಸುಮಾರು 1 ಮೀಟರ್. ನಾನು ಆರಾಮಾಗಿ ನಡೆದರೂ ಅದನ್ನು ಹಿಂದೆ ಹಾಕುತ್ತೇನೆ. ಬೆರಳಿಂದ ಬೆನ್ನುಹುರಿ ತಲುಪುವುದಕ್ಕೇ ಅದಕ್ಕೆ ಒಂದು ಸೆಕೆಂಡ್ ಹಿಡಿಯುತ್ತದೆ.

ಬೆರಳು ತಗುಲಿದ ಸದ್ದಾದರೋ ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಹೋಗುತ್ತದೆ. ಹಾಗಾಗಿ ನನ್ನ ಬೆರಳಿನ ಕಥೆ ನನಗೆ ಪೂರ್ತಿ ತಲುಪುವ ಮೊದಲೇ ಹೆಂಡತಿಗೆ ತಲುಪಿತ್ತು. ಕಣ್ಣು ಬಿಡದೆಯೇ ಕೇಳಿದಳು.

“ಮಂಚಾನಾ?”

ನನ್ನ ಮೈಯ ಸುದ್ದಿ ನನಗೇ ಕೊನೆಗೆ!

ಇದಕ್ಕಿಂತ ಅವಮಾನ ಅಂದರೆ, ಅಷ್ಟರಲ್ಲಿ ಕಾಲು ತಾನಾಗಿಯೇ ಮೇಲೆ ಹೋಗಿತ್ತು. ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ಬೆನ್ನುಹುರಿ ಅಲ್ಲಿಂದಲ್ಲಿಗೇ ತೀರ್ಮಾನ ಮಾಡಿ ಒಂದು ಕಾಲನ್ನು ಎಳೆದುಕೊಳ್ಳುತ್ತದೆ, ಮೈ ಬೀಳದಿರಲಿ ಅಂತ ಇನ್ನೊಂದನ್ನು ಗಟ್ಟಿ ಮಾಡುತ್ತದೆ. ಮಿದುಳಿಗೆ ಆಮೇಲೆ ತಿಳಿಸಿದರಾಯಿತು ಅಂತ ಲೆಕ್ಕ. ಒಳ್ಳೆಯ ಏರ್ಪಾಡೇ. ಆದರೆ ಲೋಟದ ವಿಷಯ ಬೆನ್ನುಹುರಿಗೆ ಯಾರೂ ಹೇಳಿರಲಿಲ್ಲ. ನೀರೆಲ್ಲ ಅವಳ ದಿಂಬಿನ ಮೇಲೆ.

ದೀಪ ಹೊತ್ತಿತು. ನಾನು ನೆಲದ ಮೇಲೆ ಕೂತು ಬೆರಳು ಉಜ್ಜಿಕೊಳ್ಳುತ್ತಿದ್ದೆ. ಬಯ್ಗುಳ ಬೀಳುತ್ತಿದ್ದಾಗಲೂ ಕೈ ಬಿಡಲಿಲ್ಲ. ಯಾಕೆಂದರೆ ಉಜ್ಜಿದರೆ ನಿಜಕ್ಕೂ ನೋವು ಕಡಿಮೆಯಾಗುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ವಿಜ್ಞಾನಿಗಳು 1965ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ ಅಂದುಕೊಳ್ಳಿ. ಉಜ್ಜಿದಾಗ ಸ್ಪರ್ಶದ ದಪ್ಪ ಎಳೆಗಳು ನುಗ್ಗಿ ಬಂದು, ನೋವಿನ ಮುಖದ ಮೇಲೆ ಆ ಬಾಗಿಲನ್ನು ಅರ್ಧ ಹಾಕಿಬಿಡುತ್ತವೆ. ಬಿದ್ದ ಮಗುವಿನ ಮಂಡಿ ಉಜ್ಜುವ ತಾಯಂದಿರು ಯಾವ ಸಿದ್ಧಾಂತಕ್ಕೂ ಕಾದವರಲ್ಲ, ಆ ಮಾತು ಬೇರೆ.

ಆದರೂ ಬೆರಳಿನ ಬಗ್ಗೆ ನನಗೆ ಅಷ್ಟು ದೂರಿಲ್ಲ. ಎಲ್ಲಿ ನೋಯುತ್ತಿದೆ ಅಂತ ಸರಿಯಾಗಿ ಹೇಳುತ್ತದೆ. ಬೆನ್ನು ಅದನ್ನೂ ಹೇಳುವುದಿಲ್ಲ. ಮೊನ್ನೆ ಬೆನ್ನು ತುರಿಸಿತು. ಕೈಗೆ ಎಟುಕದ ಜಾಗ. ಇಂಥದ್ದು ಎಟುಕುವ ಜಾಗದಲ್ಲಿ ಯಾವತ್ತಾದರೂ ತುರಿಸುತ್ತದಾ? ಹೆಂಡತಿಯನ್ನು ಕರೆದೆ.

“ಇಲ್ಲೇನಾ?”

“ಸ್ವಲ್ಪ ಮೇಲೆ.”

“ಇಲ್ಲೇನಾ?”

“ಅಲ್ಲಲ್ಲ, ಎಡಕ್ಕೆ... ಇನ್ನೂ ಎಡಕ್ಕೆ... ಅಯ್ಯೋ, ದಾಟಿಹೋಯ್ತು.”

“ರೀ, ನಿಮ್ಮ ಬೆನ್ನು ತಾನೇ? ಎಲ್ಲಿ ಅಂತ ನಿಮಗೇ ಗೊತ್ತಿಲ್ವಾ?”

ಗೊತ್ತಿಲ್ಲ. ಕೈಬೆರಳ ತುದಿಯಲ್ಲಿ ಎರಡು ಮೊನೆಗಳು 2-3 ಮಿಲಿಮೀಟರ್ ದೂರದಲ್ಲಿ ಚುಚ್ಚಿದರೂ ಎರಡು ಅಂತ ತಿಳಿಯುತ್ತದೆ. ಬೆನ್ನಿನ ಮೇಲೆ ಸುಮಾರು 4 ಸೆಂಟಿಮೀಟರ್ ದೂರ ಇಟ್ಟರೇ ಎರಡಾಗುವುದು. ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು 1930ರ ದಶಕದಲ್ಲಿ, ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣಗೆ ವಿದ್ಯುತ್ ಮುಟ್ಟಿಸಿ, ಮೈಯ ಯಾವ ಭಾಗಕ್ಕೆ ಅಲ್ಲಿ ಎಷ್ಟು ಜಾಗವಿದೆ ಅಂತ ನಕ್ಷೆ ಬರೆದರು. ತುಟಿಗೂ ಕೈಬೆರಳಿಗೂ ಮೂಲೆ ಸೈಟು ಸಿಕ್ಕಿದೆ. ಅಷ್ಟಗಲ ಬೆನ್ನಿಗೆ ಕೊಟ್ಟಿರುವುದು ಒಂದು ಓಣಿ.

ಹೀಗೆ ಒಂದೊಂದೇ ಜಾಗ ಮುಟ್ಟಿ “ಇಲ್ಲೇನಾ?” ಅಂತ ಕೇಳಿಯೇ ನೊಬೆಲ್ ಗೆದ್ದವರೂ ಇದ್ದಾರೆ. ಒತ್ತಿದ್ದು ಜೀವಕೋಶಕ್ಕೆ ಹೇಗೆ ತಿಳಿಯುತ್ತದೆ ಅಂತ ಹುಡುಕುತ್ತಿದ್ದ ಆರ್ಡೆಮ್ ಪಟಪೂಟಿಯನ್ ತಂಡದ ಮುಂದೆ 72 ಜೀನ್‌ಗಳಿದ್ದವು. ಒಂದನ್ನು ಸುಮ್ಮನಾಗಿಸುವುದು, ಕೋಶವನ್ನು ಸಪೂರ ಗಾಜಿನ ಕೊಳವೆಯಿಂದ ಚುಚ್ಚಿ ನೋಡುವುದು, ಮುಂದಿನದಕ್ಕೆ ಹೋಗುವುದು. ಸುಮ್ಮನಾಗಿಸಿದರೆ ಕೋಶಕ್ಕೆ ಚುಚ್ಚಿದ್ದೇ ತಿಳಿಯದಂಥ ಜೀನು ಕೊನೆಗೂ ಸಿಕ್ಕಿತು. ಅದಕ್ಕೆ 2010ರಲ್ಲಿ ‘ಪಿಯೆಜೊ’ ಎಂದು ಹೆಸರಿಟ್ಟರು. ನನ್ನ ಹೆಂಡತಿ ಆರನೆಯದಕ್ಕೇ ಬಾಚಣಿಗೆ ಕೈಗೆ ಕೊಟ್ಟು ಹೋದಳು.

2021ರ ಆ ನೊಬೆಲ್‌ನಲ್ಲಿ ಪಾಲು ಪಡೆದ ಇನ್ನೊಬ್ಬರು ಡೇವಿಡ್ ಜೂಲಿಯಸ್. ಅವರು ಹಿಂದೆ ಬಿದ್ದದ್ದು ಮೆಣಸಿನಕಾಯಿಯ. ಅದರ ಖಾರ ಹೋಗಿ ತಟ್ಟುವುದು, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ‘ಸುಡ್ತಿದೆ’ ಅಂತ ಕೂಗುವ, ನರದ ತುದಿಯ ಪುಟ್ಟ ಬಾಗಿಲನ್ನೇ ಅಂತ 1997ರಲ್ಲಿ ಪತ್ತೆ ಮಾಡಿದರು. ಬೆಂಕಿ ಇಲ್ಲ, ಆದರೂ ನರ ಬೆಂಕಿ ಅಂತ ವರದಿ ಮಾಡುತ್ತದೆ. ಬೆಂಕಿಗೂ ಖಾರಕ್ಕೂ ‘ಉರಿ’ ಎಂಬ ಒಂದೇ ಮಾತಿಟ್ಟ ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತೋ ಏನೋ. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡ ದಿನ ನಾನೂ ಇದನ್ನು ಸ್ವತಂತ್ರವಾಗಿ ಪತ್ತೆ ಮಾಡಿದ್ದೆ. ಎಲ್ಲೂ ಪ್ರಕಟಿಸಲಿಲ್ಲ ಅಷ್ಟೆ. ಆ ಉರಿಗೆ ಉಜ್ಜುವುದು ಮದ್ದಲ್ಲ ಎಂಬುದನ್ನೂ ಇನ್ನೊಂದು ಕಣ್ಣಿನ ಖರ್ಚಿನಲ್ಲಿ ಕಲಿತೆ.

ನಿನ್ನೆ ರಾತ್ರಿ ಮತ್ತೆ ಬಾಯಾರಿತು. ಈ ಸಲ ಬುದ್ಧಿ ಬಂದಿತ್ತು. ಮೊಬೈಲ್ ಬೆಳಕು ಹಾಕಿಕೊಂಡೆ. ಮಂಚದ ಕಾಲಿಗೆ ಒಂದು ಗಜ ದೂರದಿಂದ ಸುತ್ತು ಹಾಕಿ ಬಂದೆ. ನೆಲವನ್ನೇ ನೋಡುತ್ತಿದ್ದುದರಿಂದ ಬಾಗಿಲ ಚೌಕಟ್ಟು ಕಾಣಲಿಲ್ಲ. ಮೊಣಕೈಯ ಒಳಬದಿ ಅದಕ್ಕೆ ಬಡಿಯಿತು. ಅಲ್ಲೊಂದು ನರ ಮೂಳೆಯ ಮೇಲೆ, ಬರೀ ಚರ್ಮದ ಮರೆಯಲ್ಲಿ ಹಾದುಹೋಗುತ್ತದೆ. ಅದು ಸುದ್ದಿ ತರುವುದು ಕೈಯ ಕಿರುಬೆರಳಿಂದ, ಪಕ್ಕದ ಉಂಗುರಬೆರಳಿನ ಅರ್ಧದಿಂದ. ದಾರಿ ಮಧ್ಯೆ ಯಾರೇ ಗುದ್ದಿದರೂ, ಬೆರಳಿಂದಲೇ ಬಂತು ಅಂತ ಮಿದುಳು ನಂಬುತ್ತದೆ. ಜುಮ್ಮ್ ಅಂತ ಕರೆಂಟು ಹೊಡೆದ ಹಾಗಾಯಿತು.

ಕತ್ತಲೆಯಿಂದ ದನಿ ಬಂತು.

“ಮಂಚಾನಾ?”

“ಅಲ್ಲ, ಬಾಗಿಲು. ಮೊಣಕೈಗೆ.”

ದೀಪ ಹೊತ್ತಿತು. ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು.

“ಮೊಣಕೈಗಾದರೆ ಬೆರಳು ಯಾಕೆ ಉಜ್ಕೋತಿದ್ದೀರಿ?”