ಶುಂಠಿ ಮಾಣಿಯ ಮೀಸೆ

ನಮ್ಮ ಕಡೆ ಮಂದಬುದ್ಧಿಯವನನ್ನು ‘ಶುಂಠಿ’ ಎಂದು ಬೈಯುತ್ತಾರೆ. ಊರಿನ ಶಾಲೆಯಲ್ಲಿ ಗಣಿತದ ಮಾಸ್ತರರು ವಾರಕ್ಕೆರಡು ಸಲವಾದರೂ ಈ ಬಿರುದನ್ನು ನನಗೆ ಪ್ರದಾನ ಮಾಡುತ್ತಿದ್ದರು. ಮುಂದೊಂದು ದಿನ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಕುಳಿತು ನಲವತ್ತು ಶುಂಠಿಗಳಿಗೆ ಕಣ್ಣು, ಮೂಗು, ಬಾಯಿ ಬರೆಯುವ ಯೋಗ ನನಗಿದೆಯೆಂದು ಜಾತಕ ನೋಡಿದ ಜೋಯಿಸರೂ ಹೇಳಿರಲಿಲ್ಲ.

ಆದದ್ದಿಷ್ಟು. ಮಗಳ ಶಿಶುವಿಹಾರದಲ್ಲಿ ಕ್ರಿಸ್ಮಸ್‌ಗೆ ಮುಂಚೆ ಪುಟ್ಟದೊಂದು ಸಂತೆ ನಡೆಯುತ್ತದೆ. ಯಾವ ಮನೆಯವರು ಏನು ತರುತ್ತಾರೆಂದು ಬರೆಯಲು ಬಾಗಿಲಿನ ಪಕ್ಕದಲ್ಲಿ ಒಂದು ಹಾಳೆ ನೇತು ಹಾಕಿದ್ದರು. ನನ್ನ ಹೆಂಡತಿ ಪ್ರತಿ ವರ್ಷ ‘ಕಾಗದದ ತಟ್ಟೆ’ ಎಂದು ಬರೆಯುತ್ತಾಳೆ. ತಟ್ಟೆ ಸೀಯುವುದಿಲ್ಲ, ಹಳಸುವುದಿಲ್ಲ, ರುಚಿ ಹೇಗಿದೆಯೆಂದು ಯಾರೂ ಕೇಳುವುದಿಲ್ಲ. ಈ ವರ್ಷ ಮಗಳನ್ನು ಬಿಡಲು ನಾನು ಹೋಗಿದ್ದೆ. ‘ಅಲಂಕರಿಸಿದ ಜಿಂಜರ್‌ಬ್ರೆಡ್ ಮನುಷ್ಯರು, 40’ ಎಂದು ಬರೆದುಬಂದೆ. ಅಂದರೆ ಮನುಷ್ಯನ ಆಕಾರದ ಶುಂಠಿ ಬಿಸ್ಕತ್ತು, ನಮ್ಮ ಕಡೆಯ ಮಾತಿನಲ್ಲಿ ಶುಂಠಿ ಮಾಣಿ, ಶುಂಠಿ ಹುಡುಗ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಸಿದ್ದಾಪುರದ ನಮ್ಮ ಮನೆಯ ಹಿತ್ತಿಲಲ್ಲಿ ಶುಂಠಿ, ತೋಟದಲ್ಲಿ ಏಲಕ್ಕಿ, ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು. ಮಸಾಲೆಯ ವಿಷಯದಲ್ಲಿ ನನಗೆ ಯಾರಾದರೂ ಪಾಠ ಹೇಳುವುದುಂಟೇ? ಆದರೆ ನ್ಯೂರೆಂಬರ್ಗಿನಲ್ಲಿ ಈ ಮಾತಾಡುವುದೆಂದರೆ ಧಾರವಾಡಕ್ಕೆ ಹೋಗಿ ‘ಪೇಡೆ ಹೇಗಿರಬೇಕೆಂದು ತೋರಿಸುತ್ತೇನೆ, ಬನ್ನಿ’ ಎಂದ ಹಾಗೆ. ಇಲ್ಲಿಯ ಲೆಬ್‌ಕೂಖೆನ್ ಎಂಬ ಮಸಾಲೆ ಬಿಸ್ಕತ್ತಿನವರು 1643ರಲ್ಲೇ ತಮ್ಮದೊಂದು ಕಸುಬುದಾರರ ಸಂಘ ಕಟ್ಟಿಕೊಂಡವರು. ಧಾರವಾಡ ಪೇಡೆಗಿರುವಂಥದೇ ಭೌಗೋಳಿಕ ಗುರುತು 1996ರಿಂದ ಇದಕ್ಕೂ ಇದೆ. ಊರಿನ ಗಡಿಯ ಆಚೆ ಮಾಡಿದ್ದನ್ನು ನ್ಯೂರೆಂಬರ್ಗಿನದೆಂದು ಮಾರುವಂತಿಲ್ಲ. ಅದರಲ್ಲೇ ಎಲೀಸೆನ್ ಎಂಬ ಉತ್ತಮ ಜಾತಿಯದಕ್ಕೆ ಬಾದಾಮಿ ಮೊದಲಾದ ಬೀಜಗಳು ಕಾಲು ಭಾಗವಾದರೂ ಇರಬೇಕು, ಹಿಟ್ಟು ಶೇಕಡಾ 10 ಮೀರಕೂಡದು. ದೇವರ ಫೋಟೋದಂತೆ ಚೌಕಟ್ಟು ಹಾಕಿ ಪೂಜಿಸುವಂಥ ತಿಂಡಿ. ನಾನು ಮಾಡಹೊರಟದ್ದು ಅದನ್ನಲ್ಲ, ಇಂಗ್ಲಿಷರ ಕೈಕಾಲುಳ್ಳ ಮನುಷ್ಯ ಬಿಸ್ಕತ್ತನ್ನು ಎಂಬುದಷ್ಟೇ ಸಮಾಧಾನ.

ಶನಿವಾರ ಹಿಟ್ಟು ಕಲಸಲು ಕುಳಿತೆ. ಅಂಗಡಿಯಿಂದ ತಂದ ಲೆಬ್‌ಕೂಖೆನ್ ಮಸಾಲೆಯ ಪೊಟ್ಟಣ ತಿರುಗಿಸಿ ಓದಿದರೆ ದಾಲ್ಚಿನ್ನಿ, ಕೊತ್ತಂಬರಿ, ಲವಂಗ, ಸೋಂಪು, ಜಾಯಿಕಾಯಿ, ಏಲಕ್ಕಿ ಎಲ್ಲವೂ ಇವೆ, ಶುಂಠಿಯೇ ಇಲ್ಲ! ಹೆಸರಿನಲ್ಲಿ ಶುಂಠಿ ಬೇಕೆಂಬ ಹಟ ಇಂಗ್ಲಿಷರದೇ ಹೊರತು ಜರ್ಮನರದಲ್ಲ ಎಂಬುದು ಆಗ ತಿಳಿಯಿತು. ನಾನು ಬಿಡುತ್ತೇನೆಯೇ? ಊರಿನಿಂದ ಆಯಿ ಕಟ್ಟಿಕೊಟ್ಟಿದ್ದ ಒಣಶುಂಠಿ ಪುಡಿಯ ಡಬ್ಬಿ ತೆಗೆದು ನಾಲ್ಕು ದೊಡ್ಡ ಚಮಚ ಸುರಿದೆ. ಈ ನಾಲ್ಕು ಚಮಚವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಹಿಟ್ಟು ಉಬ್ಬಲು ಹಾಕುವ ಪುಡಿಯ ಹೆಸರು ಇಲ್ಲಿಯ ಭಾಷೆಯಲ್ಲಿ ‘ಜಿಂಕೆಕೊಂಬಿನ ಉಪ್ಪು’. ಸಸ್ಯಾಹಾರಿಯಾದ ನಾನು ಎರಡು ಸಲ ಓದಿದೆ. ಹಿಂದೆ ನಿಜವಾಗಿಯೂ ಕೊಂಬಿನಿಂದ ತೆಗೆಯುತ್ತಿದ್ದರಂತೆ, ಈಗ ಕಾರ್ಖಾನೆಯಲ್ಲಿ ತಯಾರಾಗುವ ಅಮೋನಿಯಂ ಕಾರ್ಬೊನೇಟ್. ಅಮೋನಿಯಂ ಎಂದ ಮೇಲೆ ಕೇಳಬೇಕೇ? ಒಲೆಯ ಬಾಗಿಲು ತೆರೆದರೆ ಗಂಜಲದ ಗಮ್ಮೆನ್ನುವ ವಾಸನೆ ಮನೆಯೆಲ್ಲ ತುಂಬಿತು. ಮಗಳು ಮೂಗು ಹಿಡಿದುಕೊಂಡು ಕೋಣೆ ಸೇರಿದಳು. ಹೆಂಡತಿ ಮಾತಿಲ್ಲದೆ ಕಿಟಕಿ ತೆರೆದಳು. ನಾನೊಬ್ಬನೇ ಒಲೆಯ ಮುಂದೆ ನಿಂತು, ಕಣ್ಣು ಮುಚ್ಚಿ, ನಮ್ಮ ಕೊಟ್ಟಿಗೆಯನ್ನು ನೆನೆದು ಒಂದು ನಿಮಿಷ ಭಾವುಕನಾದೆ. ಆ ಒಂದು ನಿಮಿಷದಲ್ಲಿ ಮೊದಲ ತಟ್ಟೆ ಸೀದುಹೋಯಿತು.

ಎರಡನೆಯ ತಟ್ಟೆ ಸೀಯಲಿಲ್ಲ. ಆದರೆ ಜಾಗ ಉಳಿಸಲೆಂದು ಮಾಣಿಗಳನ್ನು ಒತ್ತೊತ್ತಾಗಿ ಮಲಗಿಸಿದ್ದೆ. ಶಾಖಕ್ಕೆ ಉಬ್ಬಿ, ಪಕ್ಕದವನ ಕೈಗೆ ಕೈ ಸೇರಿಸಿ, ಗಣರಾಜ್ಯೋತ್ಸವದ ಮಾನವ ಸರಪಳಿಯ ಹಾಗೆ ಹೊರಬಂದರು. ಚಾಕುವಿನಿಂದ ಬಿಡಿಸುವಾಗ ಏಳು ಜನರ ಕೈ ಹೋಯಿತು, ಮೂವರ ಕಾಲು ಹೋಯಿತು. ಮಗಳು ಅವರನ್ನು ಬೇರೆ ತಟ್ಟೆಯಲ್ಲಿಟ್ಟು, ಅದರ ಮೇಲೆ ‘ಆಸ್ಪತ್ರೆ’ ಎಂದು ಚೀಟಿ ಅಂಟಿಸಿದಳು.

ನಿಜವಾದ ಅವಾಂತರ ಶುರುವಾದದ್ದು ಭಾನುವಾರ, ಅಲಂಕಾರದಲ್ಲಿ. ಸಕ್ಕರೆ ಪುಡಿಯನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ, ಕೋನಿಗೆ ತುಂಬಿ, ಮೆಹಂದಿ ಹಾಕುವ ಹಾಗೆ ಗೆರೆ ಎಳೆಯಬೇಕು. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಬಿಳಿಯ ಬದಲಿಗೆ ನೀರು, ನಿಂಬೆರಸ ಹಾಕಿದರಾಯಿತು ಎಂದುಕೊಂಡೆ. ಫ್ರೀಜರಿನ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೂಲೆಯನ್ನು ಕತ್ತರಿಸಿ, ಮೊದಲ ಮಾಣಿಯ ಮುಖದ ಮೇಲೆ ಒಂದು ಮುಗುಳ್ನಗೆ ಎಳೆದೆ. ಎರಡು ಕ್ಷಣ ಅದು ಮುಗುಳ್ನಗೆಯೇ ಆಗಿತ್ತು. ಆಮೇಲೆ ನಿಧಾನವಾಗಿ ಅಗಲವಾಯಿತು, ತುದಿಗಳು ದಪ್ಪಗಾಗಿ ಕೆನ್ನೆಯ ಮೇಲಕ್ಕೆ ಏರಿದವು, ನಡುಭಾಗ ಮೂಗಿಗೆ ತಾಗಿತು. ನೋಡುತ್ತಿದ್ದಂತೆ ನಗು ಮೀಸೆಯಾಯಿತು. ಕಣ್ಣಿಗೆಂದು ಇಟ್ಟ ಚುಕ್ಕಿಗಳು ಕರಗಿ ಹಣೆಯವರೆಗೆ ಹಬ್ಬಿ, ಮುಖಕ್ಕೆ ಬಿಳಿ ಚಿಟ್ಟಿ ಇಟ್ಟ ಯಕ್ಷಗಾನದ ರಕ್ಕಸನ ಬಣ್ಣದ ವೇಷ ಎದ್ದು ನಿಂತಿತು. ಅಬ್ಬರಿಸುವುದೊಂದು ಬಾಕಿ.

“ಅಪ್ಪಾ, ಇವನಿಗೆ ಯಾಕೆ ಕೋಪ ಬಂದಿದೆ?” ಎಂದು ಮಗಳು ಕೇಳಿದಳು.

ಹೀಗೆ ಹನ್ನೊಂದು ರಕ್ಕಸರು ತಯಾರಾಗುವ ಹೊತ್ತಿಗೆ ಸಕ್ಕರೆ ಪುಡಿ ಮುಗಿಯಿತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗೆ ಹೋದರೆ ಸಿಗುತ್ತದೆ, ನಿಜ. ಆದರೆ ಡಿಸೆಂಬರಿನ ಭಾನುವಾರ ಅಲ್ಲಿಗೆ ಹೋಗುವುದೆಂದರೆ ಕ್ರಿಸ್ಮಸ್ ಸಂತೆಗೆ ಬಂದವರ ನಡುವೆ ಸಿರಸಿ ಮಾರಿಕಾಂಬೆಯ ತೇರಿನ ದಿನ ಪೇಟೆಗೆ ಹೋದಂತೆ. “ಹಾಳೆಯ ಮೇಲೆ ಹೆಸರು ಬರೆದವರು ನೀವು” ಎಂದು ಹೆಂಡತಿ ಸೋಫಾದಿಂದಲೇ ನೆನಪಿಸಿ ಪುಟ ತಿರುಗಿಸಿದಳು.

ಆಗ ಹೊಳೆದದ್ದು ಮಿಕ್ಸಿ. ಊರಿನಿಂದ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿ ತಂದ ಮಿಕ್ಸಿ. ಮೂರು ಕಾಲಿನ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ, ಸಕ್ಕರೆ ಹಾಕಿ ತಿರುಗಿಸಿದೆ. ಈ ದೇಶದಲ್ಲಿ ಭಾನುವಾರ ಗದ್ದಲ ಮಾಡುವಂತಿಲ್ಲ, ಗೋಡೆಗೆ ಮೊಳೆ ಸಹ ಹೊಡೆಯುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ಮಿಕ್ಸಿಯ ಸದ್ದು ಎಷ್ಟೆಂಬುದು ಮಾತ್ರ ಈ ದೇಶದ ಮೌನದಲ್ಲಿ ಮೊದಲ ಸಲ ಸರಿಯಾಗಿ ಕೇಳಿಸಿತು. ಅಡಿಕೆ ಸುಲಿಯುವ ಯಂತ್ರಕ್ಕಿಂತ ಒಂದು ಕೂದಲೆಳೆ ಕಡಿಮೆ, ಅಷ್ಟೇ. ಮೂರನೆಯ ಸುತ್ತಿಗೆ ಬಾಗಿಲ ಗಂಟೆ ಬಾರಿಸಿತು.

ಕೆಳಮನೆಯ ಅಜ್ಜಿ. ಎಂಬತ್ತರ ಹತ್ತಿರದ ವಯಸ್ಸು, ಬೆತ್ತದಷ್ಟು ನೇರ. ಕುಕ್ಕರಿನ ಸೀಟಿಯ ಬಗ್ಗೆ ಹಿಂದೊಮ್ಮೆ ನಮ್ಮ ಅಂಚೆಡಬ್ಬಿಗೆ ಚೀಟಿ ಹಾಕಿದವರು. ನನಗೆ ತಿಳಿದಿದ್ದ ಜರ್ಮನ್ ಎಲ್ಲ ಆ ಕ್ಷಣ ಮರೆತುಹೋಯಿತು. ಮೈಮೇಲೆಲ್ಲ ಸಕ್ಕರೆ ಪುಡಿ, ಕೈಯಲ್ಲೊಬ್ಬ ಮೀಸೆ ಮಾಣಿ. ಏನು ಮಾಡಲೂ ತೋಚದೆ ಅವನನ್ನೇ ಅವರ ಮುಂದೆ ಚಾಚಿದೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಹೆರ್ ಹೆಗಡೆ, ಇವರು ಕೈಸರ್ ವಿಲ್ಹೆಲ್ಮರೇ?”

ಮೇಲಕ್ಕೆ ತಿರುವಿದ ಮೀಸೆಗೆ ಹೆಸರಾದ ಹಿಂದಿನ ಜರ್ಮನ್ ಚಕ್ರವರ್ತಿ ಅವರಿಗೆ ನೆನಪಾಗಿದ್ದ. ಅವರು ನಗಲಿಲ್ಲ. ಆದರೆ ಒಳಗೆ ಬಂದರು. ಬಂದವರೇ ಒಂದು ಕಥೆ ಹೇಳಿದರು. 1487ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡ್ರಿಕ್ ಇದೇ ಊರಿನ ಕೋಟೆಗೆ ಮಕ್ಕಳನ್ನೆಲ್ಲ ಕರೆಸಿ, ತನ್ನ ಮುಖ ಅಚ್ಚೊತ್ತಿದ ಲೆಬ್‌ಕೂಖೆನ್ ಹಂಚಿದನಂತೆ, ನಾಲ್ಕು ಸಾವಿರದಷ್ಟು ಮಕ್ಕಳಿಗೆ. ಆದ್ದರಿಂದ ಬಿಸ್ಕತ್ತಿನ ಮೇಲೆ ಚಕ್ರವರ್ತಿ ಇರುವುದು ಇಲ್ಲಿ ತಪ್ಪಲ್ಲ, ನಿಮ್ಮ ಸಕ್ಕರೆ ನೀರಾಗಿರುವುದು ಮಾತ್ರ ತಪ್ಪು ಎಂದರು. ಸಕ್ಕರೆ ಪುಡಿ ಅವರ ಮನೆಯಲ್ಲೂ ಇರಲಿಲ್ಲ. ಅವರ ಬಿಸ್ಕತ್ತಿನ ಕೆಲಸ ನವೆಂಬರಿನಲ್ಲೇ ಮುಗಿದು, ಡಬ್ಬದಲ್ಲಿ ಸೇಬಿನ ಹೋಳಿನ ಜೊತೆ ಮೆತ್ತಗಾಗುತ್ತ ಕುಳಿತಿತ್ತು.

ಮೊಟ್ಟೆಯಿಲ್ಲವೆಂದಾಗ ಅಜ್ಜಿ ಕಪಾಟಿನ ಕಡೆ ಬೆರಳು ತೋರಿಸಿದರು. ಅಲ್ಲಿ ಛೋಲೆಗೆಂದು ತಂದಿಟ್ಟ ಕಾಬೂಲಿ ಕಡಲೆಯ ಡಬ್ಬ. ಅವರ ಮೊಮ್ಮಗಳು ಹಾಲು ಮೊಟ್ಟೆ ಎರಡನ್ನೂ ಬಿಟ್ಟವಳಂತೆ. ಕಡಲೆ ಬೆಂದ ಆ ಲೋಳೆ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯ ಹಾಗೆಯೇ ನೊರೆ ಬರುತ್ತದೆ ಎಂದು ಅವಳೇ ಹೇಳಿಕೊಟ್ಟದ್ದು. ನಾನು ನಂಬಲಿಲ್ಲ. ಇಷ್ಟು ವರ್ಷ ಸಿಂಕಿಗೆ ಸುರಿದ ನೀರು ಅದು! ಯಂತ್ರಕ್ಕೆ ಕೈ ಹಾಕಿದೆ. ಅಜ್ಜಿ ತಲೆ ಅಲ್ಲಾಡಿಸಿ, ತಂತಿಯ ಕಡಗೋಲನ್ನು ನನ್ನ ಕೈಗಿಟ್ಟರು. ಭಾನುವಾರವಲ್ಲವೇ. ಹದಿನೈದು ನಿಮಿಷ ಕಡೆದೆ. ಭುಜ ಬಿದ್ದುಹೋಯಿತು, ಬೆಳ್ಳನೆಯ ನೊರೆ ಮಾತ್ರ ಗೋಪುರದಂತೆ ಎದ್ದಿತು. ಅಜ್ಜಿ ಅಷ್ಟರಲ್ಲಿ ನನ್ನ ತರಿತರಿ ಸಕ್ಕರೆಯನ್ನು ಚಹಾ ಸೋಸುವ ಜಾಲರಿಯಲ್ಲಿ ಮೂರು ಸಲ ಜರಡಿ ಹಿಡಿದಿದ್ದರು.

ಅಷ್ಟು ಹೊತ್ತಿಗೆ ಊರಿನಿಂದ ವಿಡಿಯೊ ಕರೆ ಬಂತು. ಆಯಿ ಪರದೆಗೆ ಕಣ್ಣು ತಾಗುವಷ್ಟು ಹತ್ತಿರ ಬಂದು ಮೇಜನ್ನು ನೋಡಿದಳು.

“ಅದೇನು ತಮಾ, ದೀಪಾವಳಿ ಮುಗಿದ ಮೇಲೆ ಶೇಡಿ ಬರೆಯುತ್ತಿದ್ದೀಯಾ?”

ನನ್ನ ತಲೆಗೆ ಅದುವರೆಗೆ ಹೊಳೆದಿರಲಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬಿಳಿ ಶೇಡಿಯಲ್ಲಿ ಆಯಿ ಎಳೆಯುವ ಎಳೆಗಳಿಗೂ ಈ ಕಂದು ಬಿಸ್ಕತ್ತಿನ ಮೇಲಿನ ಬಿಳಿ ಗೆರೆಗೂ ಏನು ವ್ಯತ್ಯಾಸ? ಮೀಸೆ ಮಾಣಿಯನ್ನು ತೋರಿಸಿದೆ. “ಶೇಡಿ ನೀರಾದರೆ ಗೋಡೆಯಲ್ಲಿ ಇಳಿದುಬಿಡುತ್ತದೆ. ಬೆರಳಿನಲ್ಲಿ ಎತ್ತಿದರೆ ಬೀಳಲೋ ಬೇಡವೋ ಎಂದು ಯೋಚನೆ ಮಾಡಬೇಕು, ಆಗ ಹದ” ಎಂದಳು. ಮಗಳು ಅದನ್ನು ಅಜ್ಜಿಗೆ ಜರ್ಮನ್ನಿನಲ್ಲಿ ಹೇಳಿದಳು. ಅಜ್ಜಿ ಬಟ್ಟಲಿನೊಳಗೆ ಚಾಕುವಿನಲ್ಲಿ ಗೆರೆ ಎಳೆದು, ಹತ್ತರವರೆಗೆ ಎಣಿಸಿದರು. ಗೆರೆ ಮುಚ್ಚಿಕೊಳ್ಳಲು ಹತ್ತು ಬೇಕಾದರೆ ತುಂಬುವುದಕ್ಕೆ ಸರಿ, ಅಂಚು ಎಳೆಯಲು ಇನ್ನೂ ಗಟ್ಟಿಯಾಗಬೇಕು. ಆಯಿಯೂ ಪರದೆಯಲ್ಲಿ ಒಂದು, ಎರಡು ಎಂದು ಕನ್ನಡದಲ್ಲಿ ಎಣಿಸಿದಳು. ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ನಾನೂ ಒಂದು ಮಾತು ಆಡಬೇಕಲ್ಲ. ಇಲ್ಲಿ ಲೆಬ್‌ಕೂಖೆನ್‌ಗೆ ‘ಮೆಣಸಿನ ಕೇಕು’ ಎಂಬ ಹಳೆಯ ಹೆಸರೂ ಇದೆ. ಹಿಂದೆ ಕಡಲಾಚೆಯಿಂದ ಬಂದ ಮಸಾಲೆಯೆಲ್ಲ ಇವರಿಗೆ ಮೆಣಸೇ. ಅದನ್ನು ಹಿಡಿದುಕೊಂಡು ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು, ಶರಾವತಿಯ ದಡದ ಮೆಣಸು ಹಡಗು ಹತ್ತಿದ್ದು ಎಲ್ಲವನ್ನೂ ಕೈಬಾಯಿ ಸೇರಿಸಿ ಐದು ನಿಮಿಷ ವಿವರಿಸಿದೆ. ಮಗಳು ಅಜ್ಜಿಗೆ ಒಂದೇ ವಾಕ್ಯದಲ್ಲಿ ತಿಳಿಸಿದಳು: “ಮೆಣಸು ನಮ್ಮದು ಎನ್ನುತ್ತಿದ್ದಾನೆ ಅಪ್ಪ.” ದುಡ್ಡಿದ್ದ ವರ್ತಕರನ್ನು ತಾವು ‘ಮೆಣಸಿನ ಮೂಟೆ’ ಎಂದು ಅಣಕಿಸುತ್ತೇವೆ ಎಂದರು ಅಜ್ಜಿ. ಆಯಿಗೆ ಮೆಣಸೆಂಬ ಶಬ್ದ ಕಿವಿಗೆ ಬಿದ್ದದ್ದೇ, “ಅಲ್ಲಿ ಮೆಣಸಿಗೆ ದರ ಎಷ್ಟು?” ಎಂದು ಕೇಳಿದಳು. ಸೂಪರ್ ಮಾರ್ಕೆಟ್ಟಿನ ಐವತ್ತು ಗ್ರಾಮಿನ ಡಬ್ಬಿಯ ಬೆಲೆ ಹೇಳಿದೆ. ಕಿಲೋಕ್ಕೆ ಎಷ್ಟಾಯಿತೆಂದು ಬೆರಳು ಮಡಚಿ ಲೆಕ್ಕ ಹಾಕಿದವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಹೊಸ ಪಾಕದಲ್ಲಿ ಅಜ್ಜಿ ಬರೆದ ಮಾಣಿಗಳು ಅಚ್ಚುಕಟ್ಟಾಗಿದ್ದವು. ಮೂರು ಗುಂಡಿ, ಕುತ್ತಿಗೆಗೊಂದು ಪಟ್ಟಿ, ನಗು ನಗುವಾಗಿಯೇ ಉಳಿಯಿತು. ಮಗಳು ಒಬ್ಬನಿಗೆ ಎಂಟು ಕಣ್ಣಿಟ್ಟಳು, ಇನ್ನೊಬ್ಬನಿಗೆ ಜನಿವಾರ ಹಾಕಿದಳು. ನಾನು ಇನ್ನೇನು ಒಂದು ಒಳ್ಳೆಯ ಗೆರೆ ಎಳೆಯಬೇಕು, ಚೀಲದ ಹಿಂಬದಿಯ ಹೊಲಿಗೆ ಒಡೆದು ಪಾಕವೆಲ್ಲ ನನ್ನ ಅಂಗಿಯ ತೋಳಿನೊಳಕ್ಕೆ ಮೊಣಕೈವರೆಗೆ ಇಳಿಯಿತು. ಅಲ್ಲಿ ಅದು ಎಷ್ಟು ಚೆನ್ನಾಗಿ ಗಟ್ಟಿಯಾಯಿತೆಂದರೆ, ರಾತ್ರಿ ಬಿಸಿನೀರಿನಲ್ಲಿ ನೆನೆಸಿ ಬಿಡಿಸಬೇಕಾಯಿತು.

ಬುಧವಾರ ಸಂತೆ. ನಲವತ್ತರಲ್ಲಿ ಮೂವತ್ತೊಂದು ಜನ ಹೋದರು, ಆಸ್ಪತ್ರೆಯ ತಟ್ಟೆಯೂ ಸೇರಿ. ಬಿಸ್ಕತ್ತಿನ ಮುಂದೆ ಏನೇನು ಹಾಕಿದೆಯೆಂದು ಚೀಟಿ ಇಡಬೇಕು. ಪ್ರಾಮಾಣಿಕವಾಗಿ ‘ಕಡಲೆ’ ಎಂದೂ ಬರೆದೆ. ಬಂದವರೆಲ್ಲ ಅದನ್ನೇ ಎರಡೆರಡು ಸಲ ಓದಿ ಪಕ್ಕದ ವೆನಿಲ್ಲಾ ಬಿಸ್ಕತ್ತಿನ ಕಡೆ ಸರಿದರು. ಕೊನೆಗೊಬ್ಬ ಪುಟ್ಟ ಹುಡುಗ ಮೀಸೆ ಮಾಣಿಯನ್ನು ಕೊಂಡು, ತಲೆಯನ್ನೇ ಕಚ್ಚಿದ. ಅಗಿದ. ನಿಂತ. ಕಣ್ಣು ದೊಡ್ಡದಾಯಿತು, ಕಿವಿ ಕೆಂಪಾಯಿತು, ನೀರಿನ ಕಡೆ ಓಡಿದ. ಹಾ, ಆ ನಾಲ್ಕು ಚಮಚ.

ನಾನು ಮೇಜಿನ ಕೆಳಗೆ ಅಡಗುವ ಯೋಚನೆಯಲ್ಲಿದ್ದೆ. ಆ ಹೊತ್ತಿಗೆ ವಾರದಿಂದ ಗಂಟಲು ಕಟ್ಟಿ ಸನ್ನೆಯಲ್ಲೇ ಮಕ್ಕಳನ್ನು ಸಂಭಾಳಿಸುತ್ತಿದ್ದ ಶಿಕ್ಷಕಿಯೊಬ್ಬರು ಒಂದನ್ನು ತಿಂದರು. ಒಂದು ಕೆಮ್ಮು ಕೆಮ್ಮಿದರು. ಗಂಟಲು ಬಿಟ್ಟಿದೆ ಎಂದು ಗಟ್ಟಿಯಾಗಿಯೇ ಹೇಳಿದರು. ಡಿಸೆಂಬರಿನಲ್ಲಿ ಇಲ್ಲಿ ಯಾರಿಗೆ ಶೀತವಿರುವುದಿಲ್ಲ? ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ. ಕಷಾಯಕ್ಕೆ ಕೈಕಾಲು ಅಂಟಿಸಿ ಮಾರಿದ ಮೊದಲ ಸಿದ್ದಾಪುರದವನು ನಾನೇ ಇರಬೇಕು. ಕೈ ಮುರಿದವರನ್ನೂ ಬಿಡಲಿಲ್ಲ.

ಮುಂದಿನ ಶನಿವಾರ ಸಂಜೆ ಕೆಲಸ ಮುಗಿಸಿ ಬಂದರೆ ನಮ್ಮ ಬಾಗಿಲಿಗೆ ಕೆಳಮನೆಯ ಅಜ್ಜಿಯ ದುಂಡಗಿನ ಅಕ್ಷರದ ಚೀಟಿ. ಎದೆ ಧಸಕ್ಕೆಂದಿತು. ಮತ್ತೆ ಕುಕ್ಕರ್ ಏನಾದರೂ ಕೂಗಿತೇ? ಚೀಟಿಯ ಕೆಳಗೆ, ಚಾಪೆಯ ಮೇಲೆ, ಎರಡು ಪೊಟ್ಟಣ ಸಕ್ಕರೆ ಪುಡಿ ಇತ್ತು. “ಹೆರ್ ಹೆಗಡೆ, ನಾಳೆ ಭಾನುವಾರ. ಆ ಯಂತ್ರ ಬೇಡ. ಶುಂಠಿ ಪುಡಿ ಉಳಿದಿದ್ದರೆ ಸ್ವಲ್ಪ ಕೊಡಿ, ನನಗೂ ಗಂಟಲು ಕಟ್ಟಿದೆ.”